ರೆಕಾರ್ಡು 12 ಇಂಚು, ಕಪಾಟು ಎಷ್ಟು?

ಹೋದ ಭಾನುವಾರ ಬೆಳಿಗ್ಗೆ ಪುಣೆಯಿಂದ ಫೋನು ಬಂತು. ನನ್ನ ತಂಗಿಯ ಮಗ. ಐಟಿಯಲ್ಲಿದ್ದಾನೆ, ಹಿಂಜೇವಾಡಿಗೆ ಹೋಗಿ ಬರುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತಾನೆ, ಉಳಿದ ಅರ್ಧಕ್ಕೆ ಈಚೆಗೆ ಎಲ್‌ಪಿ ಕೂಡಿಹಾಕುವ ಚಟ ಹತ್ತಿಕೊಂಡಿದೆ.

"ಮಾಮಾ, ಒಂದು ಭಾನಗಡಿ ಆಗೇದ ನೋಡ್ರಿ. ರ‍್ಯಾಕ್ ಮಾಡಿಸಿದೆ. ರೆಕಾರ್ಡು ಒಳಗ ಹೋಗವಲ್ಲವು!"

"ಮಿಸ್ತ್ರಿಗೆ ಎಷ್ಟು ಅಳತಿ ಹೇಳಿದ್ದಿ?"

"ಹನ್ನೆರಡು ಇಂಚು. ನೀವ ಹೇಳಿದ್ರಲ್ಲ, ಎಲ್‌ಪಿ ಅಂದ್ರ ಹನ್ನೆರಡು ಇಂಚು ಅಂತ..."

ನಗಬಾರದು, ಆದರೂ ನಕ್ಕುಬಿಟ್ಟೆ. ತಟ್ಟೆ 12 ಇಂಚು, ಅಂದರೆ 30 ಸೆಂ.ಮೀ.ಗಿಂತ ಒಂದು ಕೂದಲು ಹೆಚ್ಚು. ಖರೆ. ಆದರೆ ಅದು ಬರಿಮೈಯಲ್ಲಿ ಕಪಾಟಿಗೆ ಹೋಗುವುದಿಲ್ಲವಲ್ಲ, ಅಂಗಿ ತೊಟ್ಟುಕೊಂಡು ಹೋಗುತ್ತದೆ. ಆ ರಟ್ಟಿನ ಜಾಕೆಟ್ಟು ಎಲ್ಲಾ ಕಡೆಗೂ 31 ಸೆಂ.ಮೀ. ದಾಟುತ್ತದೆ. ಮೇಲೊಂದು ಪ್ಲಾಸ್ಟಿಕ್ ಕವರು ಹಾಕಿದರೆ ಹತ್ತಿರ ಹತ್ತಿರ 32. ಅದನ್ನು ಬೆರಳು ಹಾಕಿ ಎತ್ತಿ ತೆಗೆಯಲು ಮೇಲೆ ಒಂದೆರಡು ಸೆಂ.ಮೀ. ಜಾಗ ಬೇಡವೇ? 34 ಇಡಬೇಕು. ಹುಡುಗ 30ರ ಖಾನೆ ಮಾಡಿಸಿ, ಮೇಲೆ ವಾಲ್‌ನಟ್ ಲ್ಯಾಮಿನೇಟು ಹೊಡೆಸಿ, ಸ್ಪಾಟ್ ಲೈಟು ಬೇರೆ ಹಾಕಿಸಿದ್ದಾನೆ. ಈಗ ಅದರಲ್ಲಿ ಅವನ ಹೆಂಡತಿ ಕುಂಡ ಇಟ್ಟಿದ್ದಾಳಂತೆ.

ತಪ್ಪು ಅವನದಲ್ಲ. ಎಲ್ಲರೂ ಮಾಡುವ ಕ್ರಮವೇ ಅದು. ಮೊದಲು ಪ್ಲೇಯರು, ಆಮೇಲೆ ಸ್ಪೀಕರು, ಆಮೇಲೆ ರೆಕಾರ್ಡು, ಎಲ್ಲಾ ಮನೆಗೆ ಬಂದು ಸೋಫಾದ ಮೇಲೆ ಕೂತಾದ ಮೇಲೆ "ಇದನ್ನೆಲ್ಲ ಎಲ್ಲಿಡೋಣ?" ನನ್ನ ಅಭಿಪ್ರಾಯ ಇದಕ್ಕೆ ಪೂರಾ ಉಲ್ಟಾ. ಮೊದಲು ಕಪಾಟು, ಉಳಿದದ್ದೆಲ್ಲ ಆಮೇಲೆ. ರೆಕಾರ್ಡು ಕೇಳುವ ಸಾಮಾನುಗಳಲ್ಲಿ ಕಪಾಟೂ ಒಂದು ಸಾಮಾನೇ. ಅದು ಕೆಟ್ಟದಾಗಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ ಮಾರಾಯ್ರೆ, ಕೈ ಸುಟ್ಟುಕೊಂಡು ಕಲಿತದ್ದು. ಆ ಕತೆಯನ್ನು ಇಲ್ಲಿ ಹೇಳದೇ ಮುಂದೆ ಹೋದರೆ ನನ್ನ ಮಾತಿಗೆ ಬೆಲೆಯಿಲ್ಲ.

ನಮ್ಮ ಕಾಕಾ ಧಾರವಾಡದಲ್ಲಿ ಹೈಸ್ಕೂಲು ಮಾಸ್ತರು. ಮದುವೆ ಮಾಡಿಕೊಂಡವರಲ್ಲ. ಪಗಾರ ಬಂದ ವಾರ ಹುಬ್ಬಳ್ಳಿಗೆ ಹೋಗಿ ಒಂದು ಪ್ಲೇಟು ತರುವುದು ಅವರ ಏಕೈಕ ದುಂದು. ಹೊಸದು ಸಿಗದಿದ್ದರೆ ಹಳೆಯದು. ಗಂಗೂಬಾಯಿಯವರು ಇನ್ನೂ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಕಾಲದ 78 ಆರ್‌ಪಿಎಮ್ ಪ್ಲೇಟು ಅವರ ಬಳಿ ಇತ್ತು. ಮನ್ಸೂರರ ಪ್ಲೇಟುಗಳಿದ್ದವು. ಕಂಪನಿ ನಾಟಕದ ಒಂದು ಸೆಟ್ಟಿತ್ತು, ನಾಲ್ಕು ಪ್ಲೇಟಿನದು, ಒಂದೊಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಆಮೇಲಿನ ಕಾಲದ ಭೀಮಸೇನ ಜೋಶಿಯವರ, ಬಸವರಾಜ ರಾಜಗುರುಗಳ ಎಲ್‌ಪಿಗಳು. ನೋಟುಬುಕ್ಕಿನಲ್ಲಿ ಎಲ್ಲಕ್ಕೂ ನಂಬರು ಹಾಕಿ ಬರೆದಿಟ್ಟಿದ್ದರು. 78ರ ಪ್ಲೇಟು 241, ಎಲ್‌ಪಿ 90.

ಇವನ್ನೆಲ್ಲ ಇಡಲು ಅವರು ಊರಿನ ಬಡಿಗ್ಯಾರ ಕಡೆಯಿಂದ ಎರಡು ಸಾಗವಾನಿ ಪೆಟ್ಟಿಗೆ ಮಾಡಿಸಿದ್ದರು. ನೋಡಲು ಏನೂ ಚೆಂದ ಇರಲಿಲ್ಲ, ದಿನಸಿ ಅಂಗಡಿಯ ಪೆಟ್ಟಿಗೆಯ ಹಾಗೆ. ಒಳಗೆ ಅಂಗೈ ಅಗಲಕ್ಕೊಂದು ತೆಳು ಹಲಗೆಯ ಅಡ್ಡಗೋಡೆ. ಪ್ಲೇಟುಗಳು ನೆಟ್ಟಗೆ ನಿಂತಿರುತ್ತಿದ್ದವು, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ. ತಳಕ್ಕೆ ನಾಲ್ಕು ಇಂಚಿನ ಕಾಲು. ದಪ್ಪ ಮಣ್ಣಿನ ಗೋಡೆಯ ನಡುಮನೆಯಲ್ಲಿ, ಬಿಸಿಲಾಗಲೀ ಇರಚಲಾಗಲೀ ಬರದ ಮೂಲೆಯಲ್ಲಿ ಅವು ಇರುತ್ತಿದ್ದವು. ನಾವು ಹುಡುಗರು ಹತ್ತಿರ ಹೋದರೆ ಕಾಕಾ ಅನ್ನುತ್ತಿದ್ದರು, "ಮುಟ್ಟಬ್ಯಾಡ್ರೋ. ಒಡದ್ರ ಮತ್ತ ಹುಟ್ಟಂಗಿಲ್ಲ ಅವು."

ಕಾಕಾ 2003ರಲ್ಲಿ ಹೋದರು. ಮರುವರ್ಷ ಮನೆ ಮಾರಾಯಿತು. ರೆಕಾರ್ಡುಗಳು ಯಾರಿಗೂ ಬೇಡವಾಗಿದ್ದವು, ನನಗೆ ಬೇಕಾಗಿದ್ದವು. ಡೊಂಬಿವಲಿಯಿಂದ ಹೋದೆ. ಅಲ್ಲಿ ನಾನು ಮಾಡಿದ ಕೆಲಸ ಕೇಳಿ: ಪೆಟ್ಟಿಗೆ ಭಾಳ ಭಾರ, ನಮ್ಮ ಫ್ಲ್ಯಾಟಿನಲ್ಲಿ ಅದಕ್ಕೆ ಜಾಗವೆಲ್ಲಿ, ಅಂತ ಪೆಟ್ಟಿಗೆಗಳನ್ನು ಮನೆ ಕೊಂಡವರಿಗೇ ಬಿಟ್ಟುಬಿಟ್ಟೆ. ಪ್ಲೇಟುಗಳನ್ನು ಮಾತ್ರ ಎರಡು ಟ್ರಂಕಿಗೆ ತುಂಬಿಕೊಂಡು, ನಡುವೆ ಕಾಕಾನ ಧೋತರ ತುರುಕಿ, ಮುಂಬಯಿಗೆ ತಂದೆ. ಧಾರವಾಡದಿಂದ ಬರುವಾಗ ಒಂದೂ ಒಡೆಯಲಿಲ್ಲ. ಅದೇ ಹೆಮ್ಮೆ ನನಗೆ.

ಮುಂಬಯಿಯ ಮನೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಇಲ್ಲಿ ಕೂಡಲೇ ಬೇಕಿಲ್ಲದ ವಸ್ತುಗಳಿಗೆಲ್ಲ ಒಂದೇ ಗತಿ, ಬಾತ್‌ರೂಮಿನ ಮೇಲಿನ ಲಾಫ್ಟು. ಗಣಪತಿಯ ಮಂಟಪ, ಹಳೇ ಮಿಕ್ಸರಿನ ಡಬ್ಬಿ, ಚಳಿಗಾಲಕ್ಕೆಂದು ತಂದು ಚಳಿಯೇ ಬಾರದ ರಜಾಯಿ... ಅದರ ಪಕ್ಕದಲ್ಲಿ ನಮ್ಮ ಗಾಂಧಾರಿ. ಲಾಫ್ಟಿನ ಎತ್ತರ ಎರಡಡಿ. ಟ್ರಂಕು ಹೋಗಲಿಲ್ಲ. ಹಾಗಾಗಿ ಹೊರಗೆ ತೆಗೆದು, ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಮಲಗಿಸಿ ಪೇರಿಸಿದೆ. "ಮನೆ ಬದಲಿಸಿದಾಗ ಒಳ್ಳೇ ಕಪಾಟು ಮಾಡಿಸೋಣ" ಅಂದುಕೊಂಡೆ.

ನಮ್ಮದು ಕೊನೆಯ ಮಹಡಿ. ಮೇ ತಿಂಗಳಲ್ಲಿ ಮೇಲಿನ ಸ್ಲ್ಯಾಬು ರೊಟ್ಟಿ ಸುಡುವ ಹಂಚು. 2005ರ ಜುಲೈ 26ರ ಮಳೆ ನೆನಪಿದೆಯಲ್ಲ, ಸಾಂತಾಕ್ರೂಝಿನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಬಿದ್ದದ್ದು? ಆ ವರ್ಷದಿಂದ ನಮ್ಮ ಲಾಫ್ಟಿನ ಮೂಲೆಯಲ್ಲಿ ಒಂದು ತೇವದ ನಕಾಶೆ ಮೂಡಿತು. ಪ್ರತಿ ಮಳೆಗಾಲಕ್ಕೆ ಅದು ಒಂದು ಜಿಲ್ಲೆ ಗೆದ್ದುಕೊಳ್ಳುತ್ತಿತ್ತು. ನಾನು ಕೆಳಗೆ ನಿಂತು ನೋಡುತ್ತಿದ್ದೆ, ಹತ್ತಿ ನೋಡಲಿಲ್ಲ.

2009ರಲ್ಲಿ ಇಳಿಸಿದೆ. ಕೆಳಗಿನ ಸಾಲಿನ ಎಲ್‌ಪಿಗಳು ಸೆಕೆಗೂ ಭಾರಕ್ಕೂ ಹಪ್ಪಳದ ಹಾಗೆ ಅಲೆ ಎದ್ದಿದ್ದವು. ರಟ್ಟಿನ ಕವರುಗಳಿಗೆ ಬಿಳಿ ಬೂಸ್ಟು. ವಿನೈಲ್ ಬಾಗುತ್ತದೆ, 78ರ ಪ್ಲೇಟು ಬಾಗುವುದಿಲ್ಲ, ಅದು ಅರಗು, ಒಡೆಯುತ್ತದೆ. ಅರಗು ಅಂದರೆ ನಮ್ಮ ಕಾಡಿನ ಹುಳ ಮಾಡುವ ಅದೇ ಅರಗು. ಕಲ್ಲಿನ ಪುಡಿ, ಮಸಿ ಬೆರೆಸಿ ಅಚ್ಚೊತ್ತಿದ್ದು. ಗಾಜಿನಷ್ಟೇ ನಾಜೂಕು. 43 ಪ್ಲೇಟು ಬಿರುಕು ಬಿಟ್ಟಿದ್ದವು ಅಥವಾ ಚೂರಾಗಿದ್ದವು. ನಾಟಕದ ಸೆಟ್ಟಿನಲ್ಲಿ ಮೂರನೆಯದು ಹೋಗಿತ್ತು. ರಾಣಿ ಕಾಡಿಗೆ ಹೊರಡುವುದು ಇದೆ, ಕೊನೆಗೆ ಎಲ್ಲರೂ ಸೇರಿ ಮಂಗಳ ಹಾಡುವುದು ಇದೆ. ನಡುವೆ ಏನಾಯಿತು, ಯಾರು ಯಾರನ್ನು ಹೇಗೆ ಗುರುತು ಹಿಡಿದರು, ಇನ್ನು ನನಗೆ ತಿಳಿಯುವ ದಾರಿಯಿಲ್ಲ.

ಇಷ್ಟು ಸಾಲದು ಅಂತ ಇನ್ನೊಂದು ಮಾಡಿದೆ. ಬೂಸ್ಟು ಒರೆಸಲು ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದೆ. ಎಲ್‌ಪಿ ತೊಳೆಯಲು ಡಿಸ್ಟಿಲ್ಡ್ ವಾಟರಿಗೆ ಚೂರು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸುತ್ತಾರೆ ಅಂತ ಎಲ್ಲೋ ಓದಿದ್ದೆ. ಅದು ಎಲ್‌ಪಿಗೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಡಿಗ್ಯಾರು ಪಾಲಿಶ್ ಮಾಡುವುದೇ ಹಾಗೆ, ನನಗದು ಗೊತ್ತಿರಬೇಕಿತ್ತು. ಆರು ಪ್ಲೇಟಿನ ಹೊಳಪು ಹೋಗಿ ಬೂದಿಯಾಗುವವರೆಗೆ ಹೊಳೆಯಲಿಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ: 78ರ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬೇಡಿ. ಡಿಸ್ಟಿಲ್ಡ್ ನೀರಲ್ಲಿ ಹಿಂಡಿದ ಮೆತ್ತನೆ ಬಟ್ಟೆ, ನಡುವಿನ ಲೇಬಲ್ ಒದ್ದೆಯಾಗದ ಹಾಗೆ, ಕೂಡಲೇ ಒಣಗಿಸಿ. ಅಷ್ಟೇ.

ಉಳಿದದ್ದು 192. ಕಾಕಾನ ಪೆಟ್ಟಿಗೆ ತಂದಿದ್ದರೆ 241 ಇರುತ್ತಿದ್ದವು.

ಆಮೇಲೆ ಬುದ್ಧಿ ಬಂತೇ? ಎಲ್ಲಿಂದ! 2010ರಲ್ಲಿ ಒಂದು ಫರ್ನಿಚರ್ ಅಂಗಡಿಯಿಂದ ಗಾಜಿನ ಬಾಗಿಲಿನ ದೊಡ್ಡ ಶೋಕೇಸು ತಂದೆ (ಅಂಗಡಿಯ ಹೆಸರು ಬೇಡ, ಎಲ್ಲಾ ಒಂದೇ). ತೇಗದ ಬಣ್ಣ, ಒಳಗೆ ಲೈಟು, ಬೀಗದ ಕೈ. ಒಳಗಿನ ಮಾಲು ಪಾರ್ಟಿಕಲ್ ಬೋರ್ಡು, ಅಂದರೆ ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ್ದು. ಮೂರಡಿ ಉದ್ದದ ಹಲಗೆ, ನಡುವೆ ಆಸರೆಯೇ ಇಲ್ಲ. ಒಂದು ಎಲ್‌ಪಿ ಜಾಕೆಟ್ಟಿನ ಸಮೇತ 200ರಿಂದ 250 ಗ್ರಾಂ ತೂಗುತ್ತದೆ. ನೂರು ಎಲ್‌ಪಿ ಅಂದರೆ 20-25 ಕಿಲೋ, ಒಂದು ಮೂಟೆ ಅಕ್ಕಿ. ಪುಸ್ತಕದ ಹಾಗೆ ಕಾಣುತ್ತದೆ ಅಂತ ಪುಸ್ತಕದ ಕಪಾಟಿನಲ್ಲಿ ಇಟ್ಟರೆ ಹಲಗೆ ನಡುವಿನಲ್ಲಿ ಜೋತುಬೀಳುತ್ತದೆ. ನಮ್ಮದು ಆರು ತಿಂಗಳಿಗೇ ನಗುವ ಬಾಯಿಯಾಯಿತು. ಎರಡು ಮಳೆಗಾಲಕ್ಕೆ ಕೆಳಗಿನ ಅಂಚು, ಫರ್ಶಿ ಒರೆಸುವ ನೀರು ಕುಡಿದು ಕುಡಿದು, ಬನ್ನಿನ ಹಾಗೆ ಉಬ್ಬಿತು.

ಅದಕ್ಕಿಂತ ದೊಡ್ಡ ತೊಂದರೆ ಆ ಗಾಜು. ಗಾಜಿನ ಮುಂದೆ ಮನೆಯವರು ಚನ್ನಪಟ್ಟಣದ ಗೊಂಬೆ ಇಟ್ಟರು, ಮಗನ ಕಪ್ಪು ಇಟ್ಟರು, ಒಂದು ತಾಜಮಹಲೂ ಬಂತು. ಒಂದು ರೆಕಾರ್ಡು ತೆಗೆಯಬೇಕಾದರೆ ಬೀಗದ ಕೈ ಹುಡುಕಿ, ತಾಜಮಹಲನ್ನು ಎತ್ತಿಟ್ಟು... ಯಾರಿಗೆ ಬೇಕು? ಆ ಎರಡು ವರ್ಷದಲ್ಲಿ ನಾನು ಕೇಳಿದ ರೆಕಾರ್ಡು ಹತ್ತು ಇರಲಿಕ್ಕಿಲ್ಲ. ಬಂದವರೆಲ್ಲ "ವಾಹ್, ಏನ್ ಕಲೆಕ್ಷನ್!" ಅಂದರು. ಒಬ್ಬರೂ "ಒಂದು ಹಾಕ್ರಿ" ಅನ್ನಲಿಲ್ಲ. ಗಾಜಿನ ಹಿಂದೆ ಇದ್ದದ್ದನ್ನು ಯಾರೂ ಹಾಕು ಅನ್ನುವುದಿಲ್ಲ, ನೋಡಿ ಹೋಗುತ್ತಾರೆ. ಜೊತೆಗೆ, ನಮ್ಮ ಹವೆಯಲ್ಲಿ ಮುಚ್ಚಿದ ಕಪಾಟಿನೊಳಗೆ ಗಾಳಿಯಾಡದೆ ಬೂಸ್ಟು ಬೇಗ ಬರುತ್ತದೆ. ಧೂಳು ಬರುವುದಿಲ್ಲ ಅನ್ನುವುದೊಂದೇ ಅದರ ಪರ ವಾದ. ಧೂಳನ್ನು ಬ್ರಶ್ಶಿನಿಂದ ಒರೆಸಬಹುದು ಸ್ವಾಮಿ, ಬೂಸ್ಟನ್ನು ಅಷ್ಟು ಸುಲಭವಾಗಿ ಒರೆಸಲಾಗದು.

ಈಗಿರುವ ಕಪಾಟು 2013ರದ್ದು. ಅದಕ್ಕೆ ಹೊಗಳಿಕೆ ಬಂದದ್ದಿಲ್ಲ, ಬೈಗುಳವೂ ಬಂದದ್ದಿಲ್ಲ. ಅಳಿಯನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಒಂದೇ ಒಂದು ಹಾಳೆ ಪ್ಲೈವುಡ್ಡು, 8 ಅಡಿಗೆ 4 ಅಡಿಯದು, 18 ಮಿ.ಮೀ. ದಪ್ಪ. ಮುಂಬಯಿಯಂಥ ಊರಿಗೆ ಐಎಸ್ 710 ಅಂತ ಮುದ್ರೆಯಿರುವ ಮರೀನ್ ಪ್ಲೈ ತಗೊಳ್ಳಿ, ನೀರಿಗೆ ಬಿಚ್ಚಿಕೊಳ್ಳುವುದಿಲ್ಲ. ಧಾರವಾಡಕ್ಕಾದರೆ ಐಎಸ್ 303 ಸಾಕು. ಹಾಳೆಯನ್ನು ಉದ್ದಕ್ಕೆ 35 ಸೆಂ.ಮೀ. ಅಗಲದ ಮೂರು ಪಟ್ಟಿ ಸೀಳಿಸಿ. ಒಂದೊಂದು ಪಟ್ಟಿಯಿಂದ 145 ಸೆಂ.ಮೀ.ನ ಒಂದು ಅಡ್ಡ ಹಲಗೆ, ಉಳಿದದ್ದರಲ್ಲಿ ನಿಲುವು ಹಲಗೆಗಳು. 34ರವು ಐದು, 28ರವು ನಾಲ್ಕು ಬೇಕು. ಸರಿಯಾಗಿ ಕತ್ತರಿಸಿದರೆ ಬರುತ್ತವೆ. ಅಂಚಿನಲ್ಲಿ ಉಳಿಯುವ ಪಟ್ಟಿಯಲ್ಲಿ ತಳದ 10 ಸೆಂ.ಮೀ. ಎತ್ತರದ ಪೀಠ. ನೆಲ ಒರೆಸುವ ನೀರಿಗೂ ರೆಕಾರ್ಡಿಗೂ ನಡುವೆ ಅಷ್ಟಾದರೂ ಅಂತರ ಬೇಕು (ಕಾಕಾನ ಪೆಟ್ಟಿಗೆಯ ಕಾಲು ಎಷ್ಟಿತ್ತು ನೆನಪಿದೆಯಲ್ಲ?).

ಕೆಳಗಿನ ಸಾಲಿನಲ್ಲಿ 34ಕ್ಕೆ 34ರ ನಾಲ್ಕು ಖಾನೆ, ಎಲ್‌ಪಿಗೆ. ಒಂದೊಂದರಲ್ಲಿ 70ರ ಆಸುಪಾಸು ಹಿಡಿಸುತ್ತವೆ. ತುಂಬಾ ಗಿಡಿಯಬಾರದು, ಅಂಗೈ ನುಸುಳುವಷ್ಟು ಸಡಿಲ ಇರಬೇಕು. ಹಾಗಂತ ಅರ್ಧ ಖಾಲಿ ಬಿಟ್ಟರೆ ಅವು ವಾಲುತ್ತವೆ, ವಾಲಿ ವಾಲಿ ಬಾಗುತ್ತವೆ. ಖಾನೆಯ ಅಗಲ ಇದಕ್ಕಿಂತ ಹೆಚ್ಚಿಸಬೇಡಿ ಅನ್ನುವುದು ಇದಕ್ಕೇ. ಭಾರಕ್ಕೂ ಅದೇ ಉತ್ತರ, 34 ಸೆಂ.ಮೀ.ಗೊಂದು ಆಸರೆ ಇದ್ದರೆ 18 ಮಿ.ಮೀ. ಪ್ಲೈ ಜಗ್ಗುವುದಿಲ್ಲ.

ಮೇಲಿನ ಸಾಲು 28 ಎತ್ತರ. ಎಡಗಡೆ ಎರಡು ಖಾನೆ 78ರ ಪ್ಲೇಟುಗಳಿಗೆ. ಅವು ಹೆಚ್ಚಾಗಿ 10 ಇಂಚಿನವು. ಅಗಲ ಚಿಕ್ಕದಾದರೂ ತೂಕದಲ್ಲಿ ಎಲ್‌ಪಿಗೇನೂ ಕಡಿಮೆಯಿಲ್ಲ. ಬಲಗಡೆ ನಡುವಿನ ಹಲಗೆ ಇಲ್ಲದೆ ಎರಡರ ಅಗಲದ ಒಂದೇ ಖಾನೆ, ಆಂಪ್ಲಿಫೈಯರಿಗೆ. ಇಲ್ಲಿ ನಾನೂ ಮೊದಲು ಎಡವಿದ್ದೆ. ಆಂಪ್ಲಿಫೈಯರುಗಳು ಸಾಮಾನ್ಯವಾಗಿ 43 ಸೆಂ.ಮೀ. ಅಗಲ, ರೆಕಾರ್ಡಿನ ಖಾನೆಯಲ್ಲಿ ಅದು ಕೂರುವುದಿಲ್ಲ. ಅದರ ಮೇಲೆ ಅಂಗೈ ನಿಲ್ಲಿಸುವಷ್ಟಾದರೂ ಬಯಲು ಬೇಕು, ಬಿಸಿಗಾಳಿ ಮೇಲೇಳಲು. ವಾಲ್ವ್ ಆಂಪ್ಲಿಫೈಯರ್ ಇರುವ ಪುಣ್ಯವಂತರು ಅದನ್ನು ಖಾನೆಯೊಳಗೆ ಇಡಲೇಬಾರದು. ಹಿಂಭಾಗ ಪೂರ್ತಿ ಮುಚ್ಚಬೇಡಿ, ಒಂದು ಅಡ್ಡಪಟ್ಟಿ ಸಾಕು, ಕಪಾಟು ಪಕ್ಕಕ್ಕೆ ಓಲಾಡದ ಹಾಗೆ. ಗೋಡೆಯಿಂದ ಒಂದು ಗೇಣಿನ ಹತ್ತಿರ ಮುಂದಕ್ಕೆ ನಿಲ್ಲಿಸಿ. ವೈರಿಗೂ ಜಾಗವಾಯಿತು, ಗೋಡೆಯ ತೇವದಿಂದಲೂ ದೂರವಾಯಿತು. ಬಾತ್‌ರೂಮಿನ ಗೋಡೆ, ಪಶ್ಚಿಮದ ಕಿಟಕಿಯ ಬುಡ, ಈ ಎರಡು ಕಡೆ ಮುಂಬಯಿಯಲ್ಲಿ ರೆಕಾರ್ಡು ಇಡುವವನು ನನ್ನಷ್ಟೇ ಶ್ಯಾಣ್ಯಾ.

ಕೆಲಸ ನಡೆಯುವಾಗ ಮಿಸ್ತ್ರಿ ಮೂರು ಸಲ ಕೇಳಿದ, "ಸಾಬ್, ಶಟರ್ ನಹೀ? ಗ್ಲಾಸ್ ನಹೀ? ಲೈಟ್ ಭೀ ನಹೀ?" ಮೂರು ಸಲವೂ ನಹೀ ಅಂದೆ. ಪಾಪ, ನಮ್ಮ ಮನೆಯ ಆರ್ಥಿಕ ಸ್ಥಿತಿಯ ಬಗ್ಗೆ ಅವನಿಗೆ ಏನನಿಸಿತೋ.

ಒಟ್ಟು ಎತ್ತರ 77 ಸೆಂ.ಮೀ., ನಿಂತು ಸೂಜಿ ಇಡಲು ಸರಿಯಾಗಿದೆ. ಪ್ಲೇಯರು ಎಡಗಡೆ, 78ರ ಖಾನೆಗಳ ಮೇಲೆ. ಆಂಪ್ಲಿಫೈಯರಿನ ನೇರ ಮೇಲೆ ಇಡಬೇಡಿ. ಅದರ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದನ್ನು ಕಾರ್ಟ್ರಿಡ್ಜು ಹಿಡಿದುಕೊಳ್ಳುತ್ತದೆ. ಸ್ಪೀಕರಂತೂ ಈ ಕಪಾಟಿನ ಮೇಲೆ ಬರಲೇಕೂಡದು. ಸ್ಪೀಕರಿನ ಅದುರು ಹಲಗೆಗೆ, ಹಲಗೆಯಿಂದ ಸೂಜಿಗೆ, ಸೂಜಿಯಿಂದ ಮತ್ತೆ ಸ್ಪೀಕರಿಗೆ. ಒಂಥರಾ ಸೊಸೈಟಿ ಮೀಟಿಂಗು, ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳಿ ಕೊನೆಗೆ ಬರೀ ಗದ್ದಲ. ಬೇರೆ ಸ್ಟ್ಯಾಂಡಿನ ಮೇಲೆ, ಕೂತಾಗ ಕಿವಿಯ ಮಟ್ಟಕ್ಕೆ ಸ್ಪೀಕರು ಇಡಿ.

ಇನ್ನು ಅದುರಿನ ವಿಷಯ. ಇಲ್ಲಿ ಆಡಿಯೋ ಭಕ್ತರ ಜೊತೆ ನನ್ನ ಜಗಳವಿದೆ. ಮುಳುಂಡದಲ್ಲಿ ನನ್ನೊಬ್ಬ ಗೆಳೆಯ ಇದ್ದಾನೆ, ಅವನ ರ‍್ಯಾಕಿನ ಬೆಲೆಗೆ ನಮ್ಮೂರಲ್ಲಿ ಒಂದು ಜೋಡಿ ಎತ್ತು ಬರುತ್ತದೆ. ಮೊಳೆಯಂಥ ಕಾಲು, ಪ್ರತಿ ಅಂತಸ್ತಿಗೂ ಬೇರೆ ಬೇರೆ ಲೋಹ. ಅವನ ರೆಕಾರ್ಡುಗಳು ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿವೆ! ಅದುರು ತಡೆಯುವುದು ಬೇಕು, ಇಲ್ಲ ಅನ್ನುವುದಿಲ್ಲ. ನಮ್ಮ ಮನೆಯಿಂದ ರೈಲುಹಳಿ ದೂರವಿಲ್ಲ, ರಾತ್ರಿ ಗೂಡ್ಸು ಹೋದರೆ ಸ್ಟೀಲಿನ ಲೋಟ ಮಾತಾಡುತ್ತದೆ. ಆದರೆ ಅದಕ್ಕೆ ಎತ್ತು ಮಾರಬೇಕಿಲ್ಲ. ನೂರು ಕಿಲೋ ರೆಕಾರ್ಡು ತುಂಬಿದ ಕಪಾಟು ತಾನೇ ಒಂದು ಬಂಡೆ. ಅದರ ಮೇಲೆ ಒಂದು ತುಂಡು ಕಡಪಾ ಕಲ್ಲು, ಮುಂಬಯಿಯ ಅಡುಗೆಮನೆಗಳಲ್ಲಿ ಹಲಗೆಗೆ ಹಾಕುತ್ತಾರಲ್ಲ ಅದೇ. ಕಲ್ಲಂಗಡಿಯಲ್ಲಿ ಒಡೆದ ತುಂಡು ಅಗ್ಗಕ್ಕೆ ಸಿಗುತ್ತದೆ, ಅಂಚು ಮಾತ್ರ ಮಾಡಿಸಿಕೊಳ್ಳಬೇಕು. (ಶಹಾಬಾದ್ ಫರ್ಶಿಯೂ ನಡೆದೀತು. ಕಲಬುರ್ಗಿಯ ಕಲ್ಲು ಅಂತ ಸ್ವಲ್ಪ ಅಭಿಮಾನ.) ಕಲ್ಲಿನ ಕೆಳಗೆ ನಾಲ್ಕು ರಬ್ಬರ್ ಬಿಲ್ಲೆ. ಮೇಲೆ ಪಾದರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಸಮ ಮಾಡಿ. ಆಮೇಲೆ ಪರೀಕ್ಷೆ: ತಟ್ಟೆ ತಿರುಗಿಸದೆ ಒಂದು ಹಳೇ ರೆಕಾರ್ಡಿನ ಮೇಲೆ ಸೂಜಿ ಇಟ್ಟು, ವಾಲ್ಯೂಮ್ ನೀವು ದಿನಾ ಕೇಳುವಷ್ಟು ಮಾಡಿ, ಹಲಗೆಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಧಂ ಅಂದರೆ ಇನ್ನೂ ಕೆಲಸವಿದೆ. ಸುಮ್ಮನಿದ್ದರೆ ಖರ್ಚು ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ.

ರೆಡಿಮೇಡ್ ಬೇಕೆನ್ನುವವರಿಗೂ ದಾರಿಯಿದೆ. ಐಕಿಯಾದ ಎಕ್ಸ್‌ಪೆಡಿಟ್ ಅಂತೊಂದು ಕಪಾಟನ್ನು 2014ರಲ್ಲಿ ನಿಲ್ಲಿಸಿದಾಗ ಯುರೋಪಿನಲ್ಲಿ ರೆಕಾರ್ಡು ಇಡುವವರು ಗಲಾಟೆಯನ್ನೇ ಎಬ್ಬಿಸಿದ್ದರು. ಅದರ ಖಾನೆ ಎಲ್‌ಪಿಗೆಂದೇ ಅಳತೆ ಕೊಟ್ಟ ಹಾಗಿತ್ತು. ಅದರ ಬದಲಿಗೆ ಬಂದ ಕಲ್ಲಾಕ್ಸಿನಲ್ಲೂ ಖಾನೆಯ ಒಳ ಅಳತೆ 33 ಸೆಂ.ಮೀ. ಇದೆ, ನಡೆಯುತ್ತದೆ. ಐಕಿಯಾ ಹೈದರಾಬಾದಿಗೆ 2018ರಲ್ಲಿ, ನವಿ ಮುಂಬಯಿಗೆ 2020ರಲ್ಲಿ, ಬೆಂಗಳೂರಿಗೆ 2022ರಲ್ಲಿ ಬಂದಿದೆ. ಕೊಳ್ಳುವಾಗ ಒಂದು ಖಾನೆಗೆ ಎಷ್ಟು ಕಿಲೋ ಅಂತ ಬರೆದದ್ದನ್ನು ಓದಿ ಕೊಳ್ಳಿ, 70 ಎಲ್‌ಪಿಯ ತೂಕ ನೀವೇ ಲೆಕ್ಕ ಹಾಕಿ. ಆಫೀಸಿನ ಫೈಲು ಇಡುವ ತೂತುತೂತಿನ ಕಬ್ಬಿಣದ ಆಂಗಲ್ ರ‍್ಯಾಕೂ ತಪ್ಪಲ್ಲ. ಗೆದ್ದಲು ಹತ್ತುವುದಿಲ್ಲ, ಭಾರ ಹೊರುತ್ತದೆ. ತಗಡು ಠಣ್ ಅನ್ನದ ಹಾಗೆ ಮೇಲೊಂದು ಪ್ಲೈ ತುಂಡು ಹಾಸಿ. ಮನೆಯವರು ಒಪ್ಪಬೇಕು ಅಷ್ಟೆ. ನಮ್ಮವಳು ಒಪ್ಪಲಿಲ್ಲ. "ಅಲ್ರೀ, ಇದು ಮನೀನೋ, ತಹಶೀಲ್ದಾರ್ ಕಚೇರಿನೋ?" ಅಂದಳು.

ದೊಡ್ಡ ಸಂಗ್ರಹ ಇರುವವರಿಗೆ ಇನ್ನೊಂದು ಮಾತು. ನಮ್ಮ ದೇಶದ ಕಟ್ಟಡ ಲೆಕ್ಕದಲ್ಲಿ ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ 200 ಕಿಲೋದಷ್ಟು ಭಾರ ಹಿಡಿದಿರುತ್ತಾರೆ. ನನ್ನ ಕಪಾಟಿನಂಥದ್ದು ಗೋಡೆಗೆ ಹತ್ತಿ, ಕೆಳಗೆ ತೊಲೆ ಇರುವ ಕಡೆ ಇದ್ದರೆ ಚಿಂತೆಯಿಲ್ಲ. ಆದರೆ ಎರಡು ಸಾವಿರ ಎಲ್‌ಪಿ, ನೆಲದಿಂದ ಸೂರಿನವರೆಗೆ, ಕೋಣೆಯ ನಡುಮಧ್ಯೆ ಪಾರ್ಟಿಷನ್ ತರಹ ನಿಲ್ಲಿಸುವ ಉತ್ಸಾಹ ಇದ್ದರೆ, ಅದೂ 40 ವರ್ಷದ ಹಳೇ ಬಿಲ್ಡಿಂಗಿನಲ್ಲಿ, ಮೊದಲು ಒಬ್ಬ ಇಂಜಿನಿಯರನ್ನು ಕೇಳಿ.

ನನ್ನ ಮಗ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳುತ್ತಾನೆ. "ಅಪ್ಪಾ, ಎಲ್ಲಾ ಫೋನಿನಾಗ ಸಿಗತಾವಲ್ಲ?" ಸಿಗುತ್ತವೆ, ಬಹಳಷ್ಟು ಸಿಗುತ್ತವೆ. ಬೆಂಗಳೂರಿನ ವಿಕ್ರಮ್ ಸಂಪತ್ ಶುರುಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೇ ಪ್ಲೇಟುಗಳನ್ನು ಸಾವಿರಗಟ್ಟಲೆ ಡಿಜಿಟಲ್ ಮಾಡಿತು. ಮೈಸೂರಿನಲ್ಲಿ 1930ರಲ್ಲಿ ತೀರಿಹೋದ ಗೌಹರ್ ಜಾನಳ ದನಿ ಇವತ್ತು ನನ್ನ ಜೇಬಿನಲ್ಲಿದೆ, ಅದು ಸಣ್ಣ ಮಾತಲ್ಲ. ಆದರೆ ಯಾರದೋ ಮನೆಯ ಕಪಾಟಿನಲ್ಲಿ ಆ ಪ್ಲೇಟು ನೆಟ್ಟಗೆ ನಿಂತು ಉಳಿದಿದ್ದಕ್ಕೇ ಅದು ಡಿಜಿಟಲ್ ಆಯಿತು. ನನ್ನ ಲಾಫ್ಟಿನಲ್ಲಿ ಒಡೆದ ಮೂರನೇ ಪ್ಲೇಟನ್ನು ಯಾವ ಕಂಪ್ಯೂಟರೂ ಓದಲಾರದು. ನಾನು ಎಷ್ಟೋ ಕಡೆ ಹುಡುಕಿದ್ದೇನೆ, ಇಂಟರ್ನೆಟ್ಟಿನಲ್ಲೂ ಚೋರ್ ಬಜಾರಿನಲ್ಲೂ. ಇನ್ನೂ ಸಿಕ್ಕಿಲ್ಲ.

ಹಾಗಂತ ಕಪಾಟು ದೊಡ್ಡದು ಮಾಡುತ್ತಾ ಹೋಗುವುದರ ಪರವೂ ನಾನಲ್ಲ. ಕಾಲಾ ಘೋಡಾದ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದಾಗ ಇನ್ನು ರೆಕಾರ್ಡಿನ ಕತೆ ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ. ಈಗ ನೋಡಿದರೆ ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ಎಲ್‌ಪಿಯೇ ಹೆಚ್ಚು ಮಾರಾಟವಾಯಿತಂತೆ, 3.3 ಕೋಟಿ ಸಿಡಿಗೆ 4.1 ಕೋಟಿ ಎಲ್‌ಪಿ. ಹೊಸದು ಬರುತ್ತಿದೆ, ಹಳೆಯದರ ಬೆಲೆ ಏರುತ್ತಿದೆ, ಕೊಳ್ಳುವ ಆಸೆಗೆ ಕೊನೆಯಿಲ್ಲ. ನಾನು ಹಾಕಿಕೊಂಡ ಕಟ್ಟು ಒಂದೇ: ಎರಡನೇ ಕಪಾಟು ಇಲ್ಲ. ನಾಲ್ಕು ಖಾನೆಯಲ್ಲಿ 280 ಎಲ್‌ಪಿ, ಹೊಸದೊಂದು ಬಂದರೆ ಒಂದು ಹೋಗಬೇಕು. ಹೀಗೆ ಹೋದವು ಅರುವತ್ತಾದರೂ ಇವೆ. ಮಾಟುಂಗಾದ ಕಡೆ ಸಂಗೀತದ ಕಾರ್ಯಕ್ರಮಕ್ಕೆ ಹೋದಾಗ ಚೀಲದಲ್ಲಿ ಒಂದೆರಡು ಇಟ್ಟುಕೊಂಡಿರುತ್ತೇನೆ, ಕೇಳುವ ಹುಡುಗರು ಸಿಕ್ಕರೆ ಕೊಟ್ಟುಬಿಡುತ್ತೇನೆ. ಕೊಡುವ ಮೊದಲು ಎಲ್ಲಿಡುತ್ತೀಯಾ ಅಂತ ಕೇಳುತ್ತೇನೆ. ಉತ್ತರ ಸರಿಯಿಲ್ಲದಿದ್ದರೆ ಚೀಲದಿಂದ ತೆಗೆಯುವುದೇ ಇಲ್ಲ. ಜಿಪುಣ ಅಂದುಕೊಂಡಾರು, ಅಂದುಕೊಳ್ಳಲಿ.

ಕಾಕಾನ 192ಕ್ಕೆ ಮಾತ್ರ ಈ ಕಟ್ಟು ಇಲ್ಲ. ಅವು ಎಲ್ಲಿಗೂ ಹೋಗುವುದಿಲ್ಲ, ನಾನಿರುವವರೆಗೆ. ಆಮೇಲೆ? ಮಗನಿಗೆ ಹೇಳಿಟ್ಟಿದ್ದೇನೆ: ಕೊಡುವುದಾದರೆ ಕಪಾಟಿನ ಸಮೇತ ಕೊಡು, ಬಿಡಿಸಿ ಕೊಡಬೇಡ. ಅವನು ಹೂಂ ಅಂದಿದ್ದಾನೆ. ಮೊಬೈಲು ನೋಡುತ್ತಾ ಅಂದದ್ದು, ಆದರೂ ಅಂದಿದ್ದಾನೆ.

ನನ್ನ ಕಪಾಟಿಗೂ ಒಂದು ಐಬಿದೆ. ಎಲ್‌ಪಿಗಳನ್ನು ಕೆಳಗಿನ ಸಾಲಿಗೆ ಇಟ್ಟದ್ದು ಭಾರದ ದೃಷ್ಟಿಯಿಂದ ಸರಿ, ಈಗ ಮೊಣಕಾಲಿನ ದೃಷ್ಟಿಯಿಂದ ತಪ್ಪಾಗಿದೆ. ಮಾಡಿಸುವಾಗ ನನಗೆ 55, ಈಗ 12 ವರ್ಷದ ಮೇಲಾಯಿತು. ಒಂದು ಸಣ್ಣ ಮಣೆ ಇಟ್ಟುಕೊಂಡಿದ್ದೇನೆ, ಅದರ ಮೇಲೆ ಕೂತು ಹುಡುಕುತ್ತೇನೆ. ಹುಡುಕುವಾಗ ಬೇಕಾದದ್ದು ಸಿಗದೆ ಬೇರೆಯೇ ಏನೋ ಸಿಕ್ಕು ಅದನ್ನೇ ಹಾಕುವುದೂ ಉಂಟು.

ಅಳಿಯನ ರ‍್ಯಾಕಿಗೆ ಬರುವ ಭಾನುವಾರ ಹೋಗುತ್ತಿದ್ದೇನೆ. ಮೇಲಿನ ಅಡ್ಡ ಹಲಗೆಯನ್ನು ಬಿಚ್ಚಿ ಎರಡು ಇಂಚಿನ ಪಟ್ಟಿ ಕೂಡಿಸಿದರೆ ಎತ್ತರ ಸಿಕ್ಕೀತು. ಅಗಲ ಹೇಗೂ ಪರವಾಗಿಲ್ಲ, ನಾಲ್ಕು ರೆಕಾರ್ಡು ಕಡಿಮೆ ಹಿಡಿದಾವು. ಆಳ ಎಷ್ಟಿಟ್ಟಿದ್ದಾನೋ, ಅದನ್ನು ಫೋನಿನಲ್ಲಿ ಕೇಳಲು ಧೈರ್ಯವಾಗಲಿಲ್ಲ. ಅಳತೆ ಟೇಪು ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.